ಮಲ್ಪೆಯಲ್ಲಿ ನೀರಿಗಿಳಿಯುವ ಮುಂಚೆ: ಅಲೆಯ ಕಥೆ, ಹೊಳೆಯ ಕಥೆ

ಮಲ್ಪೆ ಬೀಚಿನಲ್ಲಿ ಈಜಬಹುದಾ? ಉಡುಪಿಯಲ್ಲಿ ಯಾರನ್ನಾದರೂ ಕೇಳಿ. ಒಬ್ಬರು ಅಲೆಯ ಮಾತು ತೆಗೆಯುತ್ತಾರೆ, ಇನ್ನೊಬ್ಬರು ಕೊಳಚೆಯದ್ದು. ಇವೆರಡೂ ಬೇರೆ ಬೇರೆ ತೊಂದರೆ. ಒಟ್ಟಿಗೆ ಮಾತಾಡಿ ಮಾತಾಡಿ ಎರಡೂ ಸಿಕ್ಕಾಗಿವೆ.

ಮೀನುಗಾರ ಮೊಗವೀರರು ದೋಣಿ ಎಳೆಯುತ್ತಿದ್ದ ದಂಡೆಗೆ ಬಂದರು ಬಂತು, ಪ್ರವಾಸಿಗರು ಬಂದರು, 2016ರಲ್ಲಿ ವೈಫೈ ಕೂಡ ಬಂತು. ಎದುರಿಗೆ ಸೇಂಟ್ ಮೇರೀಸ್ ಮತ್ತಿತರ ದ್ವೀಪಗಳಿವೆ. ಅಲೆಯ ಹೊಡೆತ ಸ್ವಲ್ಪ ಕಡಿಮೆ. ಡಿಸೆಂಬರಿನಲ್ಲಿ ಬಂದವರಿಗೆ ಇಲ್ಲಿ ಹೆದರಿಕೆಯೇ ಆಗುವುದಿಲ್ಲ.

ಜೂನ್‌ನಲ್ಲಿ ಹಾಗಲ್ಲ. ದಡಕ್ಕೆ ನುಗ್ಗಿದ ನೀರು ಕಿರಿದಾದ ದಾರಿ ಹಿಡಿದು ರಭಸದಿಂದ ವಾಪಸ್ ಹೋಗುತ್ತದೆ. ಆ ಜಾಗದಲ್ಲಿ ತೆರೆ ಅಷ್ಟಾಗಿ ಒಡೆಯುವುದಿಲ್ಲ, ನೀರು ಸಪಾಟಾಗಿ ಕಾಣುತ್ತದೆ. ಹೊಸಬರು ಅಲ್ಲೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೇ ಈಜಿ ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ ಹೊರಬರಬೇಕು. ಮಳೆಗಾಲದಲ್ಲಿ ಜನ ನೀರಿಗಿಳಿಯದಂತೆ ದಡದುದ್ದಕ್ಕೂ ಬಲೆ ಕಟ್ಟುವುದು ಇದಕ್ಕೇ.

ಜನ ಕಡಿಮೆ ಮಾತಾಡುವುದು ಹೊಳೆಯ ಬಗ್ಗೆ. ಇಂದ್ರಾಣಿ ಮಣಿಪಾಲದ ಕಡೆಯಿಂದ ಇಳಿದು ಕಲ್ಸಂಕ, ನಿಟ್ಟೂರು, ಕೊಡವೂರು, ಕಲ್ಮಾಡಿ ಹಾದು ಮಲ್ಪೆಯಲ್ಲಿ ಕಡಲು ಸೇರುತ್ತದೆ. ಊರು ಬೆಳೆಯಿತು, ಲಾಡ್ಜು, ಫ್ಲ್ಯಾಟುಗಳು ಎದ್ದವು. ಒಳಚರಂಡಿ ಅಷ್ಟು ಬೇಗ ಬೆಳೆಯಲಿಲ್ಲ. ನಿಟ್ಟೂರಿನಲ್ಲಿ ಶುದ್ಧೀಕರಣ ಘಟಕ ಬಂದ ಮೇಲೂ ಕೊಳಚೆ ಹೊಳೆಗೆ ಬೀಳುವುದು ನಿಲ್ಲಲಿಲ್ಲ. ಬಾವಿ ನೀರು ಕೆಟ್ಟಿತು ಎಂದು ಹೊಳೆಬದಿಯವರು ವರ್ಷಗಟ್ಟಲೆ ಹೇಳುತ್ತಿದ್ದಾರೆ. ಆ ಬಾವಿಗಳ ಮಾತನ್ನು ಆಗಲೇ ಕಿವಿಗೆ ಹಾಕಿಕೊಳ್ಳಬೇಕಿತ್ತು. ಅದೇ ನೀರು ತಾನೇ ಕೊನೆಗೆ ಕಡಲಿಗೆ ಬರುವುದು? ಮೊದಲ ದೊಡ್ಡ ಮಳೆಗೆ ತೋಡುಗಳಲ್ಲಿ ನಿಂತ ಕೊಳೆಯೆಲ್ಲ ಒಮ್ಮೆಲೇ ಕೊಚ್ಚಿಕೊಂಡು ಬರುತ್ತದೆ. ಅಲೆ ಕಡಿಮೆ ಇರುವ ಕಡೆ ಕೊಳೆ ಬೇಗ ಚದುರುವುದೂ ಇಲ್ಲ. ಈಜುವವರಿಗೆ ಹಿತವಾದ ಶಾಂತ ನೀರು ಕೊಳೆಗೂ ಅನುಕೂಲ.

ಸ್ನಾನಕ್ಕೆ ತಕ್ಕ ಕಡಲ ನೀರಿಗೆ ನಮ್ಮಲ್ಲಿ ಒಂದು ಲೆಕ್ಕ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ 100 ಮಿ.ಲೀ. ನೀರಿನಲ್ಲಿ ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100ಕ್ಕಿಂತ ಜಾಸ್ತಿ ಇರಬಾರದು. ಕಣ್ಣಿಗೆ ತಿಳಿಯಾಗಿ ಕಂಡ ನೀರಿನಲ್ಲೂ ಅದು ಇರಬಹುದು. ಕೆಂಪು ಬಾವುಟ ಅಲೆಯ ಎಚ್ಚರಿಕೆ ಕೊಡುತ್ತದೆ, ಇದರದ್ದಲ್ಲ.

ಇದೇ ಜಿಲ್ಲೆಯ ಪಡುಬಿದ್ರಿ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು, ಅಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ. ನೀರಿನ ಪರೀಕ್ಷೆಯ ಫಲಿತಾಂಶವನ್ನು ಬೀಚಿನಲ್ಲೇ ಬೋರ್ಡಿನಲ್ಲಿ ಹಾಕಬೇಕು ಎನ್ನುವುದು ಆ ಮಾನ್ಯತೆಯ ಶರತ್ತುಗಳಲ್ಲೊಂದು. ಮಲ್ಪೆಗೆ ಬರುವ ಮಕ್ಕಳಿಗೂ ಅಷ್ಟು ಮಾಹಿತಿ ಸಿಗಬೇಕು, ಅಲ್ವಾ? ಮಳೆಗಾಲ ಮುಗಿದು ಬಲೆ ಬಿಚ್ಚುವ ದಿನವೇ ಆ ಬೋರ್ಡು ಅಲ್ಲಿ ನಿಲ್ಲಲಿ.