ಪ್ಲಗ್-ಇನ್ ಹೈಬ್ರಿಡ್: ಮೊದಲು ಮನೆಯ ಕರೆಂಟ್ ಬಿಲ್ ನೋಡಿ

ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಅನೇಕರು ಈಗ ಪ್ಲಗ್-ಇನ್ ಹೈಬ್ರಿಡ್ ಕಾರಿನ, ಅಂದರೆ ಮನೆಯಲ್ಲಿ ಪ್ಲಗ್ ಹಾಕಿ ಕರೆಂಟಿನಲ್ಲೂ ಪೆಟ್ರೋಲ್ ಎಂಜಿನ್ನಿನಲ್ಲೂ ಓಡಿಸಬಹುದಾದ ಕಾರಿನ, ವಿಚಾರ ಕೇಳುತ್ತಿದ್ದಾರೆ. ಷೋರೂಮಿಗೆ ಹೋಗುವ ಮೊದಲು ಮನೆಯ ಕರೆಂಟ್ ಬಿಲ್ ತೆಗೆದು ನೋಡಿ. ಕೆಲವು ಮಾದರಿಗಳಿಗೆ ಸಿಗುತ್ತಿದ್ದ ಫೆಡರಲ್ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿದುಹೋಗಿದೆ. ಹೆಚ್ಚಿಗೆ ಕೊಟ್ಟ ದುಡ್ಡು ಇನ್ನು ಓಡಾಟದ ಖರ್ಚಿನಲ್ಲೇ ಹುಟ್ಟಬೇಕು.

ಟೊಯೋಟಾ ರಾವ್4 ಪ್ರೈಮ್ ಗಾಡಿಯನ್ನೇ ತೆಗೆದುಕೊಳ್ಳೋಣ. ಬ್ಯಾಟರಿ 18.1 ಯೂನಿಟ್ (ಬಿಲ್ಲಿನಲ್ಲಿ kWh ಎಂದಿರುತ್ತದೆ). ಪೂರ್ತಿ ಚಾರ್ಜಿಗೆ 42 ಮೈಲಿ ಎಂದು ಸರ್ಕಾರಿ ಲೆಕ್ಕ. ಅದೇ ಲೆಕ್ಕದಲ್ಲಿ ಕರೆಂಟಿನ ಮೇಲೆ 100 ಮೈಲಿಗೆ 36 ಯೂನಿಟ್ ಬೇಕು; ಎಂಜಿನ್ ಮೇಲಾದರೆ ಗ್ಯಾಲನ್ನಿಗೆ 38 ಮೈಲಿ. ಯೂನಿಟ್ಟಿಗೆ 14 ಸೆಂಟ್, ಗ್ಯಾಲನ್ನಿಗೆ 3 ಡಾಲರ್ ಇರುವ ಊರಿನಲ್ಲಿ 100 ಮೈಲಿಗೆ ಕರೆಂಟಿಗೆ 5 ಡಾಲರ್, ಪೆಟ್ರೋಲಿಗೆ 7.90. ವರ್ಷಕ್ಕೆ 10,000 ಮೈಲಿ ಕರೆಂಟಿನಲ್ಲೇ ಓಡಿಸಿದರೂ ಉಳಿಯುವುದು 290 ಡಾಲರಿನ ಆಸುಪಾಸು. ಯೂನಿಟ್ 32 ಸೆಂಟ್, ಗ್ಯಾಲನ್ 4.50 ಆದರೆ ಎರಡೂ ಹೆಚ್ಚುಕಡಿಮೆ ಸಮ! ಕ್ಯಾಲಿಫೋರ್ನಿಯಾದ ಹಲವು ಮನೆಗಳ ಪರಿಸ್ಥಿತಿ ಇದೇ.

ಬಾಯಿಲೆಕ್ಕ ಹೀಗೆ: ಗ್ಯಾಲನ್ ಬೆಲೆಯನ್ನು 7ರಿಂದ ಗುಣಿಸಿ, ಬಂದದ್ದು ಸೆಂಟ್. 3 ಡಾಲರ್ ಇದ್ದರೆ 21 ಸೆಂಟ್. ನಿಮ್ಮ ಯೂನಿಟ್ ದರ ಅದಕ್ಕಿಂತ ಸಾಕಷ್ಟು ಕೆಳಗಿದ್ದರೆ ಮಾತ್ರ ಮುಂದಿನ ಮಾತು. ದರ ಹಾಕುವಾಗ ಕರೆಂಟ್ ಬಿಲ್ಲಿನಲ್ಲಿರುವ ಡೆಲಿವರಿ ಚಾರ್ಜ್ ಬಿಡಬೇಡಿ, ಜನ ಎಡವುವುದು ಅಲ್ಲೇ. ರಾತ್ರಿ ದರ ಬೇರೆ ಇದ್ದರೆ ಅದನ್ನು ಹಿಡಿದು, ಕಾರಿನ ಟೈಮರ್ ಅದಕ್ಕೆ ಹೊಂದಿಸಿ.

ಅಪಾರ್ಟ್‌ಮೆಂಟಿನಲ್ಲಿದ್ದು ರಾತ್ರಿ ಪ್ಲಗ್ ಹಾಕಲು ಜಾಗವಿಲ್ಲದವರು ಇದನ್ನು ಕೊಳ್ಳಲೇಬಾರದು. ಖಾಲಿ ಬ್ಯಾಟರಿಯ ಭಾರ ಹೊತ್ತು ತಿರುಗಿದಂತಾಗುತ್ತದೆ. ಅವರಿಗೆ ಪ್ಲಗ್ ಬೇಕಿಲ್ಲದ ಮಾಮೂಲಿ ರಾವ್4 ಹೈಬ್ರಿಡ್ ಸಾಕು, ಅದು ಗ್ಯಾಲನ್ನಿಗೆ 40 ಮೈಲಿ ಕೊಡುತ್ತದೆ.

ಗರಾಜಿನ ಮಾಮೂಲಿ 120 ವೋಲ್ಟ್ ಔಟ್‌ಲೆಟ್ಟಿನಲ್ಲಿ ಈ ಗಾಡಿಗೆ ಸುಮಾರು 12 ತಾಸು ಹಿಡಿಯುತ್ತದೆ. ಅಷ್ಟೂ ಹೊತ್ತು ಒಂದೇ ಸಮನೆ 12 ಆಂಪ್ ಎಳೆಯುತ್ತದೆ. ಮಿಕ್ಸಿಯೋ ಇಸ್ತ್ರಿಪೆಟ್ಟಿಗೆಯೋ ಹಾಗೆ ಎಳೆಯುವುದಿಲ್ಲ. ಹಳೆಯ ಮನೆಗಳಲ್ಲಿ ವೈರನ್ನು ಸ್ಕ್ರೂ ಕೆಳಗೆ ಬಿಗಿಯದೆ ಔಟ್‌ಲೆಟ್ಟಿನ ಬೆನ್ನಿನ ತೂತಿಗೆ ತುರುಕಿರುತ್ತಾರೆ. ಒಳಗಿನ ಸ್ಪ್ರಿಂಗ್ ಸಡಿಲವಾದರೆ ಬಿಸಿ, ಬಿಸಿಯಾದಷ್ಟೂ ಇನ್ನಷ್ಟು ಸಡಿಲ. ಬೆಂಕಿಗೆ ದಾರಿ ಇದು. ಚಾರ್ಜಿಗಿಟ್ಟು ಒಂದು ತಾಸಿನ ಮೇಲೆ ಪ್ಲಗ್ಗಿನ ಮೇಲ್ಮೈಗೆ ಅಂಗೈ ಹಿಂಭಾಗ ತಾಗಿಸಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಿದ್ದರೆ, ಪ್ಲಾಸ್ಟಿಕ್ ಕಂದಾಗಿದ್ದರೆ, ಪ್ಲಗ್ ಸಲೀಸಾಗಿ ಜಾರಿ ಬರುತ್ತಿದ್ದರೆ ಅಂದೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ ಕಮರ್ಷಿಯಲ್ ದರ್ಜೆಯ ಔಟ್‌ಲೆಟ್ ಹಾಕಿಸಿ. ಅದೇ ಸರ್ಕ್ಯೂಟಿನಲ್ಲಿ ಫ್ರಿಜ್ ಇರಬಾರದು. ಎಕ್ಸ್‌ಟೆನ್ಷನ್ ಕಾರ್ಡ್ ಬೇಡವೇ ಬೇಡ.

240 ವೋಲ್ಟ್ ಹಾಕಿಸುವವರಿಗೆ 48 ಆಂಪಿನ ಚಾರ್ಜರ್ ಮಾರುವವರು ಬಹಳ. ಈ ಗಾಡಿಯ ಮೂಲ ಮಾದರಿಯೊಳಗಿನ ಚಾರ್ಜರ್ ತೆಗೆದುಕೊಳ್ಳುವುದೇ 3.3 ಕಿಲೋವಾಟ್. 16 ಆಂಪಿನ ಚಾರ್ಜರ್, 20 ಆಂಪಿನ ಬ್ರೇಕರ್, 12 ಗೇಜ್ ತಾಮ್ರದ ವೈರ್ ಇದ್ದರೆ ನಾಲ್ಕೂವರೆ ತಾಸಿನಲ್ಲಿ ಬ್ಯಾಟರಿ ತುಂಬುತ್ತದೆ. ಪ್ಯಾನೆಲ್ ಬದಲಿಸುವ ದೊಡ್ಡ ಖರ್ಚು ಇದಕ್ಕೆ ಬೇಕಿಲ್ಲ. ಪರ್ಮಿಟ್ ಮಾತ್ರ ತಪ್ಪಿಸಬೇಡಿ.

ಎಂಜಿನ್ ಅಪರೂಪಕ್ಕೆ ಓಡಿದರೂ ಆಯಿಲ್ ಹಾಳಾಗುತ್ತದೆ. ಎಂಜಿನ್ ಚೆನ್ನಾಗಿ ಕಾಯುವ ಮೊದಲೇ ಆರಿದರೆ ಅದರೊಳಗೆ ನೀರಿನಂಶ ಉಳಿಯುತ್ತದೆ. ಮೈಲಿ ಕಡಿಮೆ ಆಗಿದ್ದರೂ ವರ್ಷಕ್ಕೊಮ್ಮೆಯಾದರೂ ಬದಲಿಸಿ.

ಡಿಸೆಂಬರಿನಲ್ಲಿ ಊರಿಗೆ ಹೋಗಿ ಎರಡು ತಿಂಗಳು ಬಿಟ್ಟು ಬರುವವರಿಗೆ ಕಾದಿರುವ ತೊಂದರೆ ಬೇರೆ. ಸಾಯುವುದು ದೊಡ್ಡ ಬ್ಯಾಟರಿಯಲ್ಲ, 12 ವೋಲ್ಟಿನ ಚಿಕ್ಕ ಬ್ಯಾಟರಿ. ಅದು ಸತ್ತರೆ ಕೀ ಗುಂಡಿ ಒತ್ತಿದರೂ ಬಾಗಿಲು ತೆರೆಯುವುದಿಲ್ಲ, ಪವರ್ ಡಿಕ್ಕಿಯೂ ಏಳುವುದಿಲ್ಲ. ಕೀ ಒಳಗೆ ಅಡಗಿರುವ ಲೋಹದ ಕೀಯಿಂದ ಡ್ರೈವರ್ ಬಾಗಿಲು ತೆಗೆದು, ಬಾನೆಟ್ ಎತ್ತಿ ಜಂಪ್ ಟರ್ಮಿನಲ್ (ಹೊರಗಿನ ಬ್ಯಾಟರಿಯಿಂದ ಕರೆಂಟ್ ಕೊಡುವ ಜಾಗ) ಹುಡುಕಬೇಕು. ಅದು ಎಲ್ಲಿದೆ ಎಂದು ಹೊರಡುವ ಮುಂಚೆಯೇ ಮ್ಯಾನ್ಯುಯಲ್ ನೋಡಿ ಗುರುತಿಟ್ಟುಕೊಳ್ಳಿ. ಚಿಕ್ಕ ಬ್ಯಾಟರಿಗೆ ಮೇಂಟೇನರ್ (ಅದನ್ನು ಸದಾ ತುಂಬಿಟ್ಟಿರುವ ಪುಟ್ಟ ಚಾರ್ಜರ್) ಸಿಕ್ಕಿಸಿ, ದೊಡ್ಡದನ್ನು ಅರ್ಧ ಚಾರ್ಜಿನಲ್ಲಿ ಬಿಡಿ. ದೊಡ್ಡದಕ್ಕೆ ಪ್ಲಗ್ ಹಾಕಿಟ್ಟು ಹೋದರೆ ಚಿಕ್ಕದೂ ತುಂಬಿರುತ್ತದೆ ಎಂದು ನಂಬಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ವಿನ್ ನಂಬರನ್ನು (ಪ್ರತಿ ಗಾಡಿಯ ಗುರುತಿನ ಸಂಖ್ಯೆ) ರಸ್ತೆ ಸುರಕ್ಷತಾ ಇಲಾಖೆಯ (NHTSA) ತಾಣದಲ್ಲಿ ಹಾಕಿ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿ ಕೊಟ್ಟ ಕರೆ, ಬಾಕಿ ಇದೆಯೇ ನೋಡಿ. ಕ್ರೈಸ್ಲರ್ ಪೆಸಿಫಿಕಾದ 2017-18ರ ಪ್ಲಗ್-ಇನ್ ಗಾಡಿಗಳಿಗೆ 2022ರಲ್ಲಿ ಬೆಂಕಿಯ ಕಾರಣಕ್ಕೆ ರೀಕಾಲ್ ಬಂದು, ಮನೆಯಿಂದ ದೂರ ನಿಲ್ಲಿಸಿ ಎಂದೇ ಹೇಳಿದ್ದರು. ಚಾರ್ಜಿಂಗ್ ಪೋರ್ಟಿನ ಪಿನ್‌ಗಳು ಕಪ್ಪಾಗಿವೆಯೇ, ಕೇಬಲ್ ಜೊತೆಗಿದೆಯೇ ಪರೀಕ್ಷಿಸಿ. ಹಿಮಕ್ಕೆ ಉಪ್ಪು ಸುರಿಯುವ ರಾಜ್ಯದ ರಾವ್4 ಆದರೆ ಲಿಫ್ಟಿನ ಮೇಲೆ ಎತ್ತಿಸಿ, ಹಿಂದಿನ ಮೋಟರಿಗೆ ಹೋಗುವ ಕಿತ್ತಳೆ ಕೇಬಲ್ಲಿನ ತುದಿಯಲ್ಲಿ ಹಸಿರು ಅಥವಾ ಬಿಳಿ ಪುಡಿ ಕಟ್ಟಿದೆಯೇ ಎಂದು ಮೆಕ್ಯಾನಿಕ್ಕಿನಿಂದ ನೋಡಿಸಿ. ಹೈ ವೋಲ್ಟೇಜ್ ವೈರ್ ಅದು, ನೀವಾಗಿ ಮುಟ್ಟಬೇಡಿ.