ಸ್ಯಾನ್ ಮಾರ್ಕೊ ಚೌಕದ ಕನ್ನಡಿ: ಅಂದುಕೊಂಡಷ್ಟು ಹಳೆಯದಲ್ಲದ ಚಿತ್ರ

ಸ್ಯಾನ್ ಮಾರ್ಕೊ ಬಸಿಲಿಕಾ ಎಂಬ ಚರ್ಚಿನ ಗುಮ್ಮಟಗಳು, ಸಮುದ್ರದ ಉಬ್ಬರಕ್ಕೆ ಚೌಕದಲ್ಲಿ ನಿಂತ ನೀರಿನಲ್ಲಿ ತಲೆಕೆಳಗಾಗಿ ಬಿದ್ದಿರುವುದು, ಪಕ್ಕದಲ್ಲಿ ಹಲಗೆ ದಾರಿಯ ಮೇಲೆ ನಡೆವ ಜನ. ವೆನಿಸ್‌ನ ಈ ನೋಟ ಶತಮಾನಗಳಿಂದ ಹೀಗೇ ಇದ್ದಿರಬೇಕು ಅನ್ನಿಸುತ್ತದೆ. ಆದರೆ ಹಳೆಯ ಛಾಯಾಗ್ರಾಹಕರಿಗೆ ಈ ಕನ್ನಡಿ ಸಿಗುತ್ತಿದ್ದದ್ದು ಅಪರೂಪಕ್ಕೆ.

19ನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಸ್ಟುಡಿಯೊ ನಡೆಸಿದ ಕಾರ್ಲೊ ನಾಯಾ ಪ್ರವಾಸಿಗರಿಗೆ ಮಾರುತ್ತಿದ್ದ ‘ಬೆಳದಿಂಗಳ’ ಚಿತ್ರಗಳು ತೆಗೆದದ್ದು ಹಗಲಿನಲ್ಲಿ. ಸೂರ್ಯನಿಗೆ ಎದುರಾಗಿ ಕ್ಯಾಮೆರಾ ಇಟ್ಟು, ಮುದ್ರಣಕ್ಕೆ ನೀಲಿ ಬಣ್ಣ ಕೊಟ್ಟರೆ ರಾತ್ರಿಯಾಯಿತು. ಕನ್ನಡಕ, ಲೆನ್ಸ್‌ಗಳ ವ್ಯಾಪಾರಿ ಕಾರ್ಲೊ ಪೊಂಟಿ 1860ರ ದಶಕದಲ್ಲಿ ರೂಪಿಸಿದ ಪೆಟ್ಟಿಗೆಯಲ್ಲಿ ಅದೇ ಚಿತ್ರ ಮುಂದಿನಿಂದ ಬೆಳಕು ಬಿದ್ದರೆ ಹಗಲು, ಹಿಂದಿನಿಂದ ಬಿದ್ದರೆ ದೀಪ ಹಚ್ಚಿದ ಇರುಳು. ಕಾಗದಕ್ಕೆ ತೂತು ಕೊರೆದು ಹಿಂಬದಿಗೆ ಬಣ್ಣ ಬಳಿದಿರುತ್ತಿದ್ದರು. ಇಂದಿನ ಫಿಲ್ಟರ್‌ಗಳನ್ನು ದೂರುವವರು ಇವರನ್ನೊಮ್ಮೆ ನೆನೆಯಬೇಕು.

ಕನ್ನಡಿ ಅಂದು ಅಪರೂಪವಾಗಿದ್ದಕ್ಕೆ ಕಾರಣ ನೀರಿನ ಮಟ್ಟ. ಊರಿನ ನೀರಿನ ಮಟ್ಟ ಅಳೆಯುವ ಸೊನ್ನೆಯನ್ನು ಇಟ್ಟದ್ದು 1897ರ ಸಮುದ್ರ ಮಟ್ಟಕ್ಕೆ. ಈಗಿನ ಸರಾಸರಿ ಮಟ್ಟ ಅದಕ್ಕಿಂತ ಸುಮಾರು 30 ಸೆಂ.ಮೀ. ಮೇಲಿದೆ. ಸಮುದ್ರ ಏರಿದೆ, ನೆಲ ಕುಸಿದಿದೆ. ಎದುರು ದಡದ ಕೈಗಾರಿಕಾ ಪ್ರದೇಶ ಮಾರ್ಘೇರಾದ ಕಾರ್ಖಾನೆಗಳು ಅಂತರ್ಜಲ ಎತ್ತಿದ್ದು ಕುಸಿತವನ್ನು ಹೆಚ್ಚಿಸಿತು. ಹಾಗಾಗಿ ಅಂದು ಚೌಕವನ್ನು ಮುಟ್ಟದ ಸಾಮಾನ್ಯ ಉಬ್ಬರವೂ ಇಂದು ಅಂಗಳಕ್ಕೆ ಬರುತ್ತದೆ. 1966ರ ನವೆಂಬರ್ 4ರ 194 ಸೆಂ.ಮೀ., 2019ರ ನವೆಂಬರ್ 12ರ 187 ಸೆಂ.ಮೀ. ಅನಾಹುತಗಳೇ ಬೇರೆ, ಅವು ಚಿತ್ರ ತೆಗೆಯುವ ದಿನಗಳಲ್ಲ.

ಈ ಅಂಕಿಗಳನ್ನು ನೀರಿನ ಆಳ ಎಂದುಕೊಂಡು ಹೆದರುವವರಿದ್ದಾರೆ. ಚೌಕದ ತಗ್ಗು ಭಾಗವೇ ಆ ಸೊನ್ನೆಯಿಂದ ಸುಮಾರು 80 ಸೆಂ.ಮೀ. ಎತ್ತರದಲ್ಲಿದೆ. 95 ಎಂದರೆ ಅಲ್ಲಿ ಒಂದು ಗೇಣಿಗಿಂತ ಕಡಿಮೆ ನೀರು, ಗಂಬೂಟು ಸಾಕು. ಅಷ್ಟು ನೀರು ದಡ ದಾಟಿ ನುಗ್ಗುವುದಕ್ಕಿಂತ ಚರಂಡಿ ಕಂಡಿಗಳಿಂದ ಮೇಲಕ್ಕೆ ಉಕ್ಕುತ್ತದೆ. ಅಲೆಯಿಲ್ಲ, ಅದಕ್ಕೇ ಕನ್ನಡಿ.

ಅಕ್ಟೋಬರ್‌ನಿಂದ ಜನವರಿಯವರೆಗೆ, ಅಮಾವಾಸ್ಯೆ–ಹುಣ್ಣಿಮೆಯ ಆಸುಪಾಸು, ಆಗ್ನೇಯದ ಶಿರೊಕ್ಕೊ ಗಾಳಿ ನೀರನ್ನು ಏಡ್ರಿಯಾಟಿಕ್ ಸಮುದ್ರದ ಮೂಲೆಗೆ ತಳ್ಳಿದಾಗ ಸಾಧ್ಯತೆ ಹೆಚ್ಚು. ನಗರದ ಉಬ್ಬರ ಮುನ್ಸೂಚನೆಯಲ್ಲಿ 90ರಿಂದ 105 ಇರುವ ದಿನ ನೋಡಿ. ಅದಕ್ಕಿಂತ ಹೆಚ್ಚಿದ್ದರೆ ಕನ್ನಡಿಯೇ ಸಿಗದಿರಬಹುದು! 2020ರ ಅಕ್ಟೋಬರ್ 3ರಂದು ಮೊದಲ ಬಾರಿ ನಿಜವಾದ ಉಬ್ಬರವನ್ನು ತಡೆದ, ಸಮುದ್ರದ ನೀರು ಊರಿನತ್ತ ಬರುವ ಬಾಯಿಗಳಲ್ಲಿ ಕೂರಿಸಿದ ‘ಮೋಸೆ’ ತಡೆಯ 78 ಕದಗಳು ಈಗ 110ರ ಮುನ್ಸೂಚನೆ ಬಂದರೆ ಏಳುತ್ತವೆ, ಹೊರಗೆ ಸಮುದ್ರ ಉಕ್ಕುತ್ತಿದ್ದರೂ ಚೌಕ ಒಣಗಿರಬಹುದು. ಮುನ್ಸೂಚನೆ ತಪ್ಪುವುದೂ ಉಂಟು: ಅದೇ ವರ್ಷ ಡಿಸೆಂಬರ್ 8ರಂದು ಕದ ಏಳಲಿಲ್ಲ, ನೀರು 138 ಮುಟ್ಟಿತು.

ಉಬ್ಬರ ತುದಿ ಮುಟ್ಟಿ ಹರಿವು ನಿಲ್ಲುವ ಹೊತ್ತು ಮುಸ್ಸಂಜೆಗೆ ಕೂಡಿಬಂದರೆ ಅದೃಷ್ಟ. ಲೆನ್ಸ್ ನೀರಿನಿಂದ 10 ಸೆಂ.ಮೀ. ಮೇಲಿರಲಿ, ಎತ್ತರಿಸಿದಷ್ಟೂ ಪ್ರತಿಬಿಂಬ ಕಪ್ಪಾಗಿ, ನೆಲದ ಕಲ್ಲು ಕಾಣತೊಡಗುತ್ತದೆ. ಪೋಲರೈಸರ್ ಫಿಲ್ಟರ್ ತೆಗೆದಿಡಿ, ಅದು ಪ್ರತಿಬಿಂಬವನ್ನೇ ನುಂಗಬಲ್ಲದು. ಫೋಕಸ್ ನೀರಿನ ಮೇಲೆ ಮಾಡಿದರೆ ಗುಮ್ಮಟ ಮಸುಕಾಗುತ್ತದೆ, ಏಕೆಂದರೆ ಪ್ರತಿಬಿಂಬದ ದೂರವೂ ಕಟ್ಟಡದಷ್ಟೇ. ಲೆನ್ಸ್‌ನ ತೆರವು ಎಫ್ 8, ಬೆಳಕಿನ ಸಂವೇದನೆ ಐಎಸ್‌ಒ 100, ಶಟರ್ ಕೆಲವು ಸೆಕೆಂಡು. ಯಾರಾದರೂ ನೀರಲ್ಲಿ ನಡೆದರೆ ಉಂಗುರ ಅಡಗುವವರೆಗೆ ಕಾಯಬೇಕು. ಟ್ರೈಪಾಡನ್ನು ಹಲಗೆಗಳ ಮೇಲಾಗಲಿ ತೇಲುವ ದೋಣಿ ನಿಲ್ದಾಣದಲ್ಲಾಗಲಿ ನಿಲ್ಲಿಸಬೇಡಿ, ಪ್ರತಿ ಹೆಜ್ಜೆಗೂ, ಅಲೆಗೂ ಅದು ಅಲುಗುತ್ತದೆ. ಇದು ಉಪ್ಪುನೀರು: ಅಂದೇ ರಾತ್ರಿ ಟ್ರೈಪಾಡಿನ ಕಾಲುಗಳನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆಯದಿದ್ದರೆ ತಿರುಪುಗಳು ಕಚ್ಚಿಕೊಳ್ಳುತ್ತವೆ.

ಬಸಿಲಿಕಾದ ಮುಂದೆ 2022ರಲ್ಲಿ ಗಾಜಿನ ತಡೆಗೋಡೆ ಬಂದಿದೆ. ಚೌಕದ ಚರಂಡಿಗಳನ್ನು ದುರಸ್ತಿಮಾಡಿ, ಮೋಸೆ ಏಳದ ಉಬ್ಬರಗಳಲ್ಲೂ ನೀರು ಮೇಲೆ ಬಾರದಂತೆ ಮಾಡುವ ಯೋಜನೆಯೂ ಇದೆ. ಅದು ಮುಗಿದ ಮೇಲೆ ಪ್ರತಿಬಿಂಬಕ್ಕೆ ಮಳೆ ನಿಂತ ಹೊಂಡಗಳನ್ನು ಹುಡುಕಬೇಕಾಗುತ್ತದೆ.