ನೀಲಮಣಿ ಹುಟ್ಟಿದ್ದು ಗುಂಡಿಯಲ್ಲಲ್ಲ

ನೀಲಮಣಿಯ ಗಣಿ ಅಂದರೆ ಗುಡ್ಡ ಕೊರೆದ ಸುರಂಗ ಇರುತ್ತದೆ ಅಂದುಕೊಂಡಿದ್ದೆ. ಕೊಲಂಬೋದಿಂದ ಸುಮಾರು 100 ಕಿ.ಮೀ. ದೂರದ ರತ್ನಪುರಕ್ಕೆ ಹೋಗಿ ನೋಡಿದರೆ, ಗದ್ದೆ ಬದಿಯಲ್ಲಿ ಚೌಕಾಕಾರದ ಒಂದು ಬಾವಿ! ಮೇಲೊಂದು ಚಪ್ಪರ. ಮಣ್ಣು ಕುಸಿಯದಂತೆ ಒಳಗೆ ಮರದ ಚೌಕಟ್ಟು, ಅದರ ಸಂದಿಗೆಲ್ಲ ತುರುಕಿದ ಜರಿಗಿಡದ ಸೊಪ್ಪು. ಪಂಪು ಒಂದೇ ಸಮನೆ ನೀರೆತ್ತುತ್ತಿತ್ತು.

ಕೆಳಗಿಳಿದವರು ಹುಡುಕುವುದು ನೇರವಾಗಿ ರತ್ನವನ್ನಲ್ಲ, ಜಲ್ಲಿಕಲ್ಲಿನ ಒಂದು ಪದರವನ್ನು. ಸಿಂಹಳದಲ್ಲಿ ಅದಕ್ಕೆ 'ಇಲ್ಲಂ' ಎನ್ನುತ್ತಾರೆ. ಕನ್ನಡದ ಕಿವಿಗೆ ಅದು 'ಇಲ್ಲ' ಅಂತಲೇ ಕೇಳಿಸುತ್ತದೆ. ಬಹಳಷ್ಟು ದಿನ ಉತ್ತರವೂ ಅದೇ.

ಆ ಜಲ್ಲಿಯನ್ನು ಬುಟ್ಟಿಗೆ ತುಂಬಿ, ಸೊಂಟದ ಮಟ್ಟ ನೀರಲ್ಲಿ ನಿಂತು ಗರಗರ ತಿರುಗಿಸುತ್ತಾರೆ. ಥೇಟ್ ಅಕ್ಕಿ ಜಾಲಿಸಿದ ಹಾಗೆ. ಆದರೆ ಇಲ್ಲಿ ಅಕ್ಕಿ ಹೋಗಲಿ, ಕಲ್ಲು ಉಳಿಯಲಿ ಎನ್ನುವ ಲೆಕ್ಕ. ನೀಲಮಣಿ ಅದೇ ಗಾತ್ರದ ನೀರಿಗಿಂತ ನಾಲ್ಕು ಪಟ್ಟು ಭಾರ. ಮಾಮೂಲಿ ಬೆಣಚುಕಲ್ಲು ಎರಡೂವರೆ ಪಟ್ಟಿಗಿಂತ ತುಸು ಜಾಸ್ತಿ, ಅಷ್ಟೆ. ಹಗುರವಾದದ್ದು ಅಂಚಿನಿಂದ ಹಾರಿಹೋಗುತ್ತದೆ, ಭಾರದ್ದು ತಳದಲ್ಲಿ ಕೂರುತ್ತದೆ.

ನದಿ ಮಾಡಿದ್ದೂ ಇದೇ ಕೆಲಸ. ನೀಲಮಣಿ ಹುಟ್ಟಿದ್ದು ಈ ಗುಂಡಿಯಲ್ಲಲ್ಲ. ಸುಮಾರು 55 ಕೋಟಿ ವರ್ಷಗಳ ಹಿಂದೆ, ಗೊಂಡ್ವಾನಾ ಎಂಬ ಮಹಾಖಂಡ ಒಂದುಗೂಡುತ್ತಿದ್ದಾಗ, ನೆಲದಾಳದ ಬಂಡೆಗಳು ಬೆಂದು, ಹಿಂಡಿಹೋಗಿ ಹೊಸ ರೂಪ ಪಡೆದವು. ಆಗ ಲಂಕೆ, ದಕ್ಷಿಣ ಭಾರತ, ಮಡಗಾಸ್ಕರ್ ಎಲ್ಲ ಅಕ್ಕಪಕ್ಕದ ಮನೆಗಳು. ಮಡಗಾಸ್ಕರಿನಲ್ಲೂ ಇಂಥದೇ ನೀಲಮಣಿ ಸಿಗುವುದು ಸುಮ್ನೆ ಅಲ್ಲ. ಆಮೇಲೆ ಮಳೆ, ಬಿಸಿಲಿಗೆ ಲಂಕೆಯ ಆ ಬಂಡೆಗಳು ಪುಡಿಯಾದವು. ಗಡಸುತನದಲ್ಲಿ ವಜ್ರದ ನಂತರದ ಜಾಗ ನೀಲಮಣಿಯದು, ಹಾಗಾಗಿ ಅದು ಉಳಿಯಿತು. ಕಳುಗಂಗಾ ನದಿಯ ಬಯಲಿನಲ್ಲಿ ಜಲ್ಲಿಯ ಜೊತೆ ಹೂತುಹೋಯಿತು.

ಇದರ ಮೈಯೆಲ್ಲ ಅಲ್ಯೂಮಿನಿಯಂ ಮತ್ತು ಆಮ್ಲಜನಕ. ಇವೆರಡೂ ಎಲ್ಲೆಲ್ಲೂ ಇವೆ, ಅಲ್ವಾ? ಮತ್ತೆ ರತ್ನ ಯಾಕೆ ಅಪರೂಪ? ತಕರಾರು ಸಿಲಿಕಾದ್ದು, ಅಂದರೆ ಮರಳು, ಬೆಣಚುಕಲ್ಲುಗಳಲ್ಲಿರುವ ವಸ್ತುವಿನದು. ಅದು ಧಾರಾಳವಾಗಿದ್ದರೆ ಅಲ್ಯೂಮಿನಿಯಂ ಅದರ ಜೊತೆ ಕೂಡಿ ಬೇರೆ ಮಾಮೂಲಿ ಖನಿಜವಾಗಿಬಿಡುತ್ತದೆ. ಸಿಲಿಕಾ ಕಡಿಮೆ ಇರುವ ಕಡೆ ಮಾತ್ರ ಕುರುಂದ, ಅಂದರೆ ನೀಲಮಣಿಯ ಮೂಲ ಖನಿಜ, ಹರಳುಗಟ್ಟುತ್ತದೆ. (ಇಂಗ್ಲಿಷಿನ 'ಕೊರಂಡಮ್' ನಮ್ಮ ದಕ್ಷಿಣದ ಈ ಮಾತಿನಿಂದಲೇ ಹೋದದ್ದು.)

ಅಪ್ಪಟ ಕುರುಂದಕ್ಕೆ ಬಣ್ಣವೇ ಇಲ್ಲ. ಸ್ವಲ್ಪ ಕ್ರೋಮಿಯಂ ಸೇರಿದರೆ ಕೆಂಪಾಗಿ ಮಾಣಿಕ್ಯ ಅನ್ನಿಸಿಕೊಳ್ಳುತ್ತದೆ. ಕಬ್ಬಿಣ, ಟೈಟಾನಿಯಂ ಜೋಡಿಯಾಗಿ ಸೇರಿದರೆ ನೀಲಿ. ಅದೂ ಎಷ್ಟು? ಶೇಕಡಾ 0.01ರ ಆಸುಪಾಸು ಸಾಕು. ಬೆಳಕು ಬಿದ್ದಾಗ ಕಬ್ಬಿಣದ ಒಂದು ಎಲೆಕ್ಟ್ರಾನ್ ಪಕ್ಕದ ಟೈಟಾನಿಯಂಗೆ ಜಿಗಿಯುತ್ತದೆ. ಆ ಜಿಗಿತಕ್ಕೆ ಹಳದಿ, ಕೆಂಪು ಬೆಳಕು ಖರ್ಚಾಗಿ ನಮಗೆ ನೀಲಿ ಉಳಿಯುತ್ತದೆ.

ಟೈಟಾನಿಯಂ ಹೀಗೆ ಬೆರೆಯದೆ ರೂಟೈಲ್ ಎಂಬ ಖನಿಜದ ಸಣ್ಣ ಸೂಜಿಗಳಾಗಿ ಸಾಲುಗಟ್ಟಿದರೆ, ಉಬ್ಬಾಗಿ ಉಜ್ಜಿದ ಕಲ್ಲಿನ ಮೇಲೆ ಆರು ಗೆರೆಗಳ ನಕ್ಷತ್ರ ಮೂಡುತ್ತದೆ. ನ್ಯೂಯಾರ್ಕಿನ ಮ್ಯೂಸಿಯಮ್ಮಿನಲ್ಲಿರುವ 563 ಕ್ಯಾರಟ್ಟಿನ 'ಸ್ಟಾರ್ ಆಫ್ ಇಂಡಿಯಾ' ಇಂಥದ್ದು. ಹೆಸರು ಭಾರತದ್ದು, ಕಲ್ಲು ಲಂಕೆಯದು!

ಅದೇ ಟೈಟಾನಿಯಂ ಇನ್ನೂ ನುಣ್ಣನೆಯ ಕಣಗಳಾಗಿ ಹರಡಿದರೆ ಕಲ್ಲು ಹಾಲು ಹಾಲಾಗಿ ಕಾಣುತ್ತದೆ. ಇದಕ್ಕೆ 'ಗೆವುಡ' ಅಂತ ಹೆಸರು, ಒಂದು ಕಾಲದಲ್ಲಿ ಹೆಚ್ಚಿನ ಬೆಲೆಯೂ ಇರಲಿಲ್ಲ. 1970ರ ದಶಕದಲ್ಲಿ ಥಾಯ್ ವ್ಯಾಪಾರಿಗಳು ಅದನ್ನು ಕೊಂಡು ಕುಲುಮೆಗೆ ಹಾಕಿದರು. 1,600 ಡಿಗ್ರಿಗೂ ಮೇಲೆ ಕಾಯಿಸಿದಾಗ ಆ ಕಣಗಳು ಕರಗಿ, ಟೈಟಾನಿಯಂ ಹರಳಿನೊಳಗೆಲ್ಲ ಬೆರೆತು, ಕಲ್ಲು ನೀಲಿಯಾಯಿತು. ಇವತ್ತು ಅಂಗಡಿಗಳಲ್ಲಿರುವ ನೀಲಮಣಿಗಳಲ್ಲಿ ಹೆಚ್ಚಿನವು ಬೆಂಕಿ ಕಂಡವೇ. ಅದನ್ನು ಮೋಸ ಅಂತ ನಾನು ಹೇಳಲಾರೆ. ಆದರೆ ಮಾರುವವರು ಬಾಯಿಬಿಟ್ಟು ಹೇಳಬೇಕು.

ಊರಿಗೆ ಹೊರಡುವ ಮುಂಚೆ ಕಲ್ಲು ಉಜ್ಜುವವರೊಬ್ಬರ ಬಳಿ ಕೂತಿದ್ದೆ. ಉಜ್ಜಿ ಮುಗಿಸಿದ ಒಂದು ಹರಳನ್ನು ಅಂಗೈ ಮೇಲಿಟ್ಟರು. ಮೇಲಿನಿಂದ ನೋಡಿದರೆ ಅಂಚಿನಿಂದ ಅಂಚಿಗೆ ಕಡು ನೀಲಿ. ಬೆರಳಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸಿದೆ. ಅರೆ, ಬರೀ ನೀರಿನ ಹನಿ! ತಳದ ಚೂಪಿನಲ್ಲಿ ಮಾತ್ರ ಶಾಯಿ ತಗುಲಿದಷ್ಟು ನೀಲಿ. ಬಣ್ಣವಿದ್ದ ಆ ಚೂರನ್ನು ಬೇಕೆಂದೇ ತಳಕ್ಕೆ ತಂದು ಕೊಯ್ದಿದ್ದರು. ಅಲ್ಲಿಂದ ಪುಟಿಯುವ ಬೆಳಕು ಇಡೀ ಹರಳನ್ನು ತುಂಬುತ್ತಿತ್ತು. ಅವರು ನಕ್ಕು, ಹರಳನ್ನು ಇಸಿದುಕೊಂಡು ಮತ್ತೆ ನೆಟ್ಟಗೆ ಇಟ್ಟರು.